ನಾನಿಲ್ಲದ ವರ್ಷದಲ್ಲಿ ಮಗಳ ಪಾಲನೆ: ಮದುವೆಯಾಗದ ನಾವಿಬ್ಬರು ಬರೆದುಕೊಂಡ ಕಾಗದಗಳು

2024ರ ಸೆಪ್ಟೆಂಬರಿನಿಂದ ಒಂದು ವರ್ಷ ನಾನು ಇಂಗ್ಲೆಂಡಿನಲ್ಲಿದ್ದು ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದಿದೆ. ಆ ಅವಧಿಯಲ್ಲಿ ನಮ್ಮ ಮಗಳು ಬೆಂಗಳೂರಿನಲ್ಲಿ ತನ್ನ ತಂದೆಯ ಜೊತೆಗಿದ್ದಳು. ಅವಳ ತಂದೆ ನನ್ನ ಸಂಗಾತಿ. ನಾವಿಬ್ಬರೂ ಮದುವೆಯಾಗಿಲ್ಲ, ಆಗಬೇಕೆಂಬ ಆಲೋಚನೆಯೂ ಇಲ್ಲ. ಮಗಳನ್ನು ನನ್ನ ಜೊತೆ ಕರೆದೊಯ್ಯುವ ದಾರಿ ಇರಲಿಲ್ಲ, ಏಕೆಂದರೆ ತರಗತಿಯಲ್ಲಿ ಕಲಿಸುವ ಸ್ನಾತಕೋತ್ತರ ಕೋರ್ಸುಗಳಿಗೆ ಬರುವ ವಿದೇಶಿ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರೆಂದು ಕರೆತರುವುದನ್ನು ಬ್ರಿಟನ್ ಸರ್ಕಾರ 2024ರ ಜನವರಿಯಿಂದ ನಿಲ್ಲಿಸಿದೆ. ಸಂಶೋಧನಾ ಪದವಿ ಮಾಡುವವರಿಗೆ, ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಹೋಗುವವರಿಗೆ ಮಾತ್ರ ವಿನಾಯಿತಿ ಉಂಟು. ಹಾಗಾಗಿ ನಮ್ಮ ಮುಂದಿದ್ದ ಪ್ರಶ್ನೆ ಮಗು ಎಲ್ಲಿರಬೇಕು ಎಂಬುದಾಗಿರಲಿಲ್ಲ. ಹುಟ್ಟಿದಂದಿನಿಂದ ಸ್ನಾನ ಮಾಡಿಸಿ, ಉಣ್ಣಿಸಿ, ಜ್ವರ ಬಂದ ರಾತ್ರಿಗಳಲ್ಲಿ ಎದ್ದು ಕೂತ ತಂದೆ ಮನೆಯಲ್ಲೇ ಇದ್ದರು. ನಾನು ಊರಲ್ಲಿ ಇಲ್ಲದಾಗ ಶಾಲೆ, ಆಸ್ಪತ್ರೆ, ಬ್ಯಾಂಕುಗಳು ಅವರನ್ನು ಯಾರೆಂದು ಕಾಣುತ್ತವೆ ಎಂಬುದೇ ನಮ್ಮನ್ನು ಕಾಡಿದ ಪ್ರಶ್ನೆ.

ನಮ್ಮಿಬ್ಬರ ನಡುವಿನ ನಂಬಿಕೆ ಮನೆಯ ಒಳಗೆ ಸಾಕು. ಮನೆಯ ಹೊರಗಿನವರಿಗೆ ಆ ನಂಬಿಕೆ ಕಾಣುವುದಿಲ್ಲ, ಅವರಿಗೆ ಕಾಗದ ಕಾಣಬೇಕು. ಮದುವೆಯಾದವರ ವಿಷಯದಲ್ಲಿ ಈ ಕಾಗದವನ್ನು ಯಾರೂ ಕೇಳುವುದಿಲ್ಲ. ಗಂಡ ಹೆಂಡತಿ ಎಂದೊಡನೆ ಉಳಿದದ್ದನ್ನೆಲ್ಲ ಕೌಂಟರಿನ ಆಚೆ ಕೂತವರು ತಾವೇ ಊಹಿಸಿಕೊಳ್ಳುತ್ತಾರೆ. ನಮ್ಮಂಥವರಿಗೆ ಆ ಊಹೆಯ ಆಸರೆ ಇಲ್ಲ. ಇಂಥದೇ ಪರಿಸ್ಥಿತಿಯಲ್ಲಿರುವ ಇಬ್ಬರು ಗೆಳತಿಯರು ನಾವು ಏನು ಮಾಡಿದೆವು ಎಂದು ಕೇಳಿದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ಇಲ್ಲಿರುವುದು ನಮ್ಮ ವಕೀಲರ ಜೊತೆ ಕೂತು ಅರ್ಥ ಮಾಡಿಕೊಂಡದ್ದು ಮತ್ತು ತೀರ್ಪುಗಳನ್ನು ನಾನೇ ಓದಿ ತಿಳಿದುಕೊಂಡದ್ದು.

ಮೊದಲು ಕಾನೂನು ನಮ್ಮನ್ನು ಎಲ್ಲಿ ನಿಲ್ಲಿಸಿದೆ ಎಂಬುದನ್ನು ಹೇಳಬೇಕು. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಕಲಂ ಮಕ್ಕಳ ಸಹಜ ಪಾಲಕರು, ಅಂದರೆ ಮಗುವಿನ ಪರವಾಗಿ ನಿರ್ಧರಿಸುವ ಹಕ್ಕು ತಾನಾಗಿಯೇ ಉಳ್ಳವರು, ಯಾರು ಎಂಬುದನ್ನು ನಿಗದಿಪಡಿಸುತ್ತದೆ. ಮದುವೆಯಲ್ಲಿ ಹುಟ್ಟಿದ ಮಗುವಿಗೆ ತಂದೆ ಪಾಲಕ, ಅವನ ನಂತರ ತಾಯಿ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಈ ಕ್ರಮ ತಿರುಗುಮುರುಗಾಗುತ್ತದೆ: ತಾಯಿ ಪಾಲಕಿ, ಅವಳ ನಂತರ ತಂದೆ. ಆ ಕಲಮಿನಲ್ಲಿ ಇಂಥ ಮಕ್ಕಳನ್ನು ಕರೆದಿರುವ ರೀತಿ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆದರೆ ಸದ್ಯಕ್ಕೆ ಅದನ್ನು ಬದಿಗಿಡುತ್ತೇನೆ. ನಮ್ಮ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಕಾನೂನಿನ ಕಣ್ಣಿನಲ್ಲಿ ಮಗಳ ಪಾಲಕಿ ನಾನೊಬ್ಬಳೇ. ಅವಳ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿದೆ, ಅವರು ಅದೇ ಮನೆಯಲ್ಲಿದ್ದಾರೆ, ಅವಳ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಭರಿಸುತ್ತಾರೆ. ಇಷ್ಟಿದ್ದರೂ ನಾನು ಇರುವವರೆಗೆ ಅವರ ಸರದಿ ಬರುವುದಿಲ್ಲ.

ದೀರ್ಘಕಾಲ ಗಂಡಹೆಂಡಿರಂತೆ ಬಾಳಿದವರನ್ನು ಮದುವೆಯಾದವರೆಂದೇ ಭಾವಿಸಬೇಕೆಂದು ಸುಪ್ರೀಂ ಕೋರ್ಟು 1978ರಿಂದ ಹಲವು ಸಲ ಹೇಳಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಆದರೆ ಅದು ಊಹೆ ಮಾತ್ರ, ಸಾಕ್ಷ್ಯದಿಂದ ಅದನ್ನು ಅಲ್ಲಗಳೆಯಬಹುದು. ನಾವಿಬ್ಬರೂ ಮದುವೆಯಾಗಿಲ್ಲವೆಂದು ಎಲ್ಲರೆದುರು ಹೇಳಿಕೊಂಡೇ ಬದುಕುತ್ತಿರುವವರು. ಅನುಕೂಲವಾದ ದಿನ ಆ ಊಹೆಯ ಕೆಳಗೆ ಹೋಗಿ ನಿಲ್ಲುವುದು ನಮಗೆ ಸಾಧ್ಯವೂ ಇರಲಿಲ್ಲ, ಸರಿಯೆಂದೂ ತೋರಲಿಲ್ಲ.

ನಮಗೆ ಆಧಾರವಾಗಿ ಕಂಡದ್ದು 1999ರ ಫೆಬ್ರುವರಿಯ ಒಂದು ತೀರ್ಪು. 1984ರಲ್ಲಿ ಗೀತಾ ಹರಿಹರನ್ ಮತ್ತು ಅವರ ಪತಿ ತಮ್ಮ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ರಿಲೀಫ್ ಬಾಂಡುಗಳಿಗೆ ಅರ್ಜಿ ಹಾಕಿ, ಪಾಲಕಿಯ ಸಹಿಯನ್ನು ತಾಯಿಯೇ ಮಾಡಿದ್ದರು. ತಂದೆ ಸಹಿ ಮಾಡಬೇಕು, ಇಲ್ಲವೇ ತಾಯಿ ಪಾಲಕಿಯೆಂಬ ಪ್ರಮಾಣಪತ್ರವನ್ನು ಸಮರ್ಥ ಅಧಿಕಾರಿಯಿಂದ ತರಬೇಕು ಎಂದು ಬ್ಯಾಂಕು ಅರ್ಜಿಯನ್ನು ಹಿಂತಿರುಗಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತಂದೆಯ ನಂತರ ತಾಯಿ ಎಂಬುದನ್ನು ತಂದೆ ಸತ್ತ ನಂತರ ಎಂದು ಓದಿದರೆ ಅದು ಹೆಣ್ಣು ಗಂಡಿನ ನಡುವೆ ಭೇದ ಮಾಡಿದಂತಾಗಿ ಸಂವಿಧಾನಕ್ಕೆ ವಿರುದ್ಧವಾಗುತ್ತದೆ, ಆದ್ದರಿಂದ ತಂದೆಯ ಗೈರುಹಾಜರಿಯಲ್ಲಿ ಎಂದು ಓದಬೇಕು ಎಂದು ನ್ಯಾಯಾಲಯ ಹೇಳಿತು. ತಂದೆ ಮಗುವಿನ ಬಗ್ಗೆ ಪೂರ್ತಿ ಉದಾಸೀನನಾಗಿದ್ದರೆ, ದೂರದಲ್ಲಿದ್ದು ಕೈಗೆ ಸಿಗದಿದ್ದರೆ, ಕಾಯಿಲೆಯಿಂದ ಅಶಕ್ತನಾಗಿದ್ದರೆ, ಅಥವಾ ಇಬ್ಬರೂ ಒಪ್ಪಿ ಹೊಣೆಯನ್ನು ತಾಯಿಗೆ ವಹಿಸಿದ್ದರೆ, ಅದೂ ಗೈರುಹಾಜರಿಯೇ.

ಆ ತೀರ್ಪು ಮದುವೆಯಾದ ತಾಯಂದಿರಿಗಾಗಿ ಬಂದದ್ದು. ಆದರೆ ನಮ್ಮಂಥ ಮಕ್ಕಳ ಬಗ್ಗೆ ಹೇಳುವ ಮುಂದಿನ ಉಪಕಲಮಿನಲ್ಲೂ ವಾಕ್ಯದ ಕಟ್ಟು ಅದೇ, ತಾಯಿಯ ನಂತರ ತಂದೆ. ತಾಯಿಗೆ ಸಲ್ಲುವ ಅರ್ಥ ತಂದೆಗೂ ಸಲ್ಲಬೇಕು ಎಂಬುದು ನನ್ನ ದೃಢವಾದ ನಂಬಿಕೆ. ನಮ್ಮ ವಕೀಲರು ತಲೆಯಾಡಿಸಿದರಾದರೂ ಒಂದು ಎಚ್ಚರಿಕೆ ಕೊಟ್ಟರು. ವಾದ ಚೆನ್ನಾಗಿದೆ, ಆದರೆ ಅದನ್ನು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಮಂಡಿಸಲು ಬರುವುದಿಲ್ಲ. ಗೈರುಹಾಜರಿ ಎಂದಿನಿಂದ ಎಂದಿನವರೆಗೆ, ಯಾರ ಒಪ್ಪಿಗೆಯಿಂದ ಎಂಬುದು ಒಂದು ಹಾಳೆಯ ಮೇಲೆ ಇರಬೇಕು ಎಂದರು.

ಹಾಳೆಯ ಮೇಲೆ ಏನನ್ನು ಬರೆಯಬಹುದು, ಏನನ್ನು ಬರೆದರೂ ನಿಲ್ಲುವುದಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಹಿಂದಿನ ಒಂದು ದೊಡ್ಡ ಪ್ರಕರಣವಿದೆ. 1910ರಲ್ಲಿ ಮದರಾಸಿನ ಅಡ್ಯಾರಿನಲ್ಲಿದ್ದ ಜಿ. ನಾರಾಯಣಯ್ಯ ತಮ್ಮ ಇಬ್ಬರು ಗಂಡುಮಕ್ಕಳಾದ ಕೃಷ್ಣಮೂರ್ತಿ ಮತ್ತು ನಿತ್ಯಾನಂದರ ಪಾಲನೆಯನ್ನು ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್ ಅವರಿಗೆ ಪತ್ರದ ಮೂಲಕ ಒಪ್ಪಿಸಿದರು. ಮುಂದೆ ಜಗತ್ತು ಜೆ. ಕೃಷ್ಣಮೂರ್ತಿ ಎಂದು ಗುರುತಿಸಿದ್ದು ಅವರಲ್ಲಿ ಹಿರಿಯ ಹುಡುಗನನ್ನೇ. ಬೆಸೆಂಟ್ ಹುಡುಗರನ್ನು ಓದಿಗಾಗಿ ಇಂಗ್ಲೆಂಡಿಗೆ ಕರೆದೊಯ್ದರು. 1912ರಲ್ಲಿ ತಂದೆ ಮನಸ್ಸು ಬದಲಿಸಿ ಮಕ್ಕಳನ್ನು ಹಿಂದಕ್ಕೆ ಕೇಳಿ ಮೊಕದ್ದಮೆ ಹೂಡಿದರು. ಮದರಾಸು ಹೈಕೋರ್ಟು 1913ರಲ್ಲಿ ತಂದೆಯ ಪರವಾಗಿ ತೀರ್ಪಿತ್ತಿತು. 1914ರಲ್ಲಿ, ಆಗ ನಮ್ಮ ದೇಶದ ಪ್ರಕರಣಗಳಿಗೂ ಕೊನೆಯ ಮೇಲ್ಮನವಿಯ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಹುಡುಗರು ವಾಸವಿದ್ದದ್ದು ಇಂಗ್ಲೆಂಡಿನಲ್ಲಾದ್ದರಿಂದ ಆ ಮೊಕದ್ದಮೆ ಮದರಾಸಿನಲ್ಲಿ ನಡೆಯತಕ್ಕದ್ದೇ ಆಗಿರಲಿಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಿತು. ಆದರೆ ಹಾಗೆ ಮಾಡುವಾಗ ಹೇಳಿದ ತತ್ವವನ್ನು ಇಂದಿಗೂ ವಕೀಲರು ನೆನಪಿಸಿಕೊಳ್ಳುತ್ತಾರೆ. ಪಾಲಕತ್ವವೆಂಬುದು ಒಂದು ಪವಿತ್ರ ಹೊಣೆ; ಪಾಲಕರು ಬದುಕಿರುವಾಗ ಅದನ್ನು ಕರಾರಿನ ಮೂಲಕ ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಮಗುವಿನ ವಾಸ ಮತ್ತು ವಿದ್ಯಾಭ್ಯಾಸವನ್ನು ಮತ್ತೊಬ್ಬರಿಗೆ ಒಪ್ಪಿಸಬಹುದು, ಒಪ್ಪಿಸಿದ್ದನ್ನು ಹಿಂಪಡೆಯಲೂಬಹುದು. ಹಿಂಪಡೆಯುವುದರಿಂದ ಮಗುವಿಗೆ ಕೇಡಾಗುತ್ತದೆಯೇ ಎಂಬುದನ್ನು ಮಾತ್ರ ನ್ಯಾಯಾಲಯ ನೋಡುತ್ತದೆ.

ಈ ಪ್ರಕರಣದಿಂದ ನಾನು ಎರಡು ವಿಷಯಗಳನ್ನು ತೆಗೆದುಕೊಂಡೆ. ನಾನು ಮಗಳ ಪಾಲಕತ್ವವನ್ನು ಯಾರಿಗೂ ಬರೆದುಕೊಡುತ್ತಿಲ್ಲ, ದಿನನಿತ್ಯ ನೋಡಿಕೊಳ್ಳುವ ಪಾಲನೆಯನ್ನು ಮಾತ್ರ ಒಪ್ಪಿಸುತ್ತಿದ್ದೇನೆ ಎಂಬುದು ಒಂದು. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿರುತ್ತದೋ ಅಲ್ಲಿಯ ನ್ಯಾಯಾಲಯಕ್ಕೇ ಅಧಿಕಾರ ಎಂಬುದು ಇನ್ನೊಂದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ನಮ್ಮ ಮಗಳು ಬೆಂಗಳೂರಿನ ಅದೇ ಮನೆಯಲ್ಲಿ, ಅದೇ ಶಾಲೆಗೆ ಹೋಗಿಕೊಂಡು ಇರುವವರೆಗೆ ಯಾವ ತಕರಾರು ಬಂದರೂ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು. ಆದ್ದರಿಂದ ನಾನಿಲ್ಲದಾಗ ಅವಳ ವಾಸಸ್ಥಳ ಬದಲಾಗಬಾರದು ಎಂಬುದನ್ನು ನಮ್ಮ ಪತ್ರದ ಮೊದಲ ಸಾಲಾಗಿ ಬರೆದೆವು.

ಆ ಸಾಲಿಗೆ ಇನ್ನೂ ಒಂದು ಕಾರಣವಿತ್ತು. ನನ್ನ ತಾಯಿ ಶಿವಮೊಗ್ಗದಲ್ಲಿದ್ದಾರೆ. ನಾನು ಹೊರಡುವ ಸುದ್ದಿ ತಿಳಿದಾಗ ಅವರು ಮೊಮ್ಮಗಳನ್ನು ತಮ್ಮ ಬಳಿಗೇ ಕಳಿಸಬೇಕೆಂದು ಹಟ ಹಿಡಿದರು. “ಗಂಡಸು ಒಬ್ಬನೇ ಹೆಣ್ಣುಮಗೂನ ಹೇಗೆ ನೋಡ್ಕೋತಾನೆ? ಅಜ್ಜಿ ಬದುಕಿದ್ದೂ ಕೂಸು ಅಲ್ಲಿರಬೇಕಾ?” ಎಂದು ಕೇಳಿದರು. ಅವರ ಕಾಳಜಿ ಸುಳ್ಳಲ್ಲ, ನನ್ನನ್ನೂ ನನ್ನ ಅಣ್ಣನನ್ನೂ ಅವರು ಬಹುಮಟ್ಟಿಗೆ ಒಬ್ಬರೇ ಸಾಕಿದವರು. ಆದರೆ ಅಜ್ಜಿಯ ಮನೆಗೆ ಕಳಿಸುವುದೆಂದರೆ ತಾಯಿ ದೂರ ಹೋಗುವ ದಿನವೇ ತಂದೆಯನ್ನೂ, ಶಾಲೆಯನ್ನೂ, ಬೀದಿಯ ಗೆಳತಿಯರನ್ನೂ ಅವಳಿಂದ ಕಿತ್ತುಕೊಂಡಂತಾಗುತ್ತಿತ್ತು. ಒಂದು ಅಗಲಿಕೆ ಅನಿವಾರ್ಯವಾದಾಗ ಉಳಿದ ಯಾವುದನ್ನೂ ಅಲುಗಾಡಿಸಬಾರದು ಎಂಬುದು ನಾನು ಕಡೆಯವರೆಗೂ ಬಿಟ್ಟುಕೊಡದ ಮಾತು. ದಸರಾ ರಜೆ ಮತ್ತು ಬೇಸಿಗೆ ರಜೆಯ ಅರ್ಧ ಭಾಗವನ್ನು ಅಜ್ಜಿಯ ಮನೆಯಲ್ಲಿ ಕಳೆಯಬೇಕೆಂದು ಪತ್ರದಲ್ಲೇ ಸೇರಿಸಿದೆವು. “ಕಾಗದದಲ್ಲಿ ಬರ್ಕೊಂಡು ಮಕ್ಕಳನ್ನ ಸಾಕ್ತಾರೇನೇ?” ಎಂದು ಅಮ್ಮ ಬೇಸರಪಟ್ಟರಾದರೂ ತಮ್ಮ ಹೆಸರೂ ಅದರಲ್ಲಿರುವುದನ್ನು ಕಂಡ ಮೇಲೆ ಮೆತ್ತಗಾದರು.

ಕಾಗದವಿಲ್ಲದ ಗೈರುಹಾಜರಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು 2021ರ ಏಪ್ರಿಲಿನಲ್ಲಿ ಕೇರಳ ಹೈಕೋರ್ಟು ತೀರ್ಮಾನಿಸಿದ ಪ್ರಕರಣ ತೋರಿಸುತ್ತದೆ. ಮದುವೆಯಾಗದೆ ಒಟ್ಟಿಗಿದ್ದ ಇಬ್ಬರಿಗೆ 2020ರಲ್ಲಿ ಮಗು ಹುಟ್ಟಿತು. ತಂದೆ ಬೇರೆ ರಾಜ್ಯಕ್ಕೆ ಹೋದವನು ಸಂಪರ್ಕಕ್ಕೆ ಸಿಗದಾದಾಗ ಕಂಗಾಲಾದ ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದಳು. ಸಮಿತಿ ಅವಳನ್ನು ಅವಿವಾಹಿತ ಒಂಟಿ ತಾಯಿ ಎಂದು ಪರಿಗಣಿಸಿ, ತಂದೆಗೆ ತಿಳಿಸುವ ಕ್ರಮವನ್ನು ಅನುಸರಿಸದೆ ಮಗುವನ್ನು ದತ್ತು ಕೊಟ್ಟುಬಿಟ್ಟಿತು. ಆಮೇಲೆ ತಂದೆತಾಯಿ ಇಬ್ಬರೂ ಒಟ್ಟಾಗಿ ಬಂದು ಮಗುವನ್ನು ಕೇಳಿದರು. ಬಾಲನ್ಯಾಯ ಕಾಯ್ದೆಯಡಿ ಮಗುವನ್ನು ಒಪ್ಪಿಸುವ ವಿಷಯದಲ್ಲಿ ಸಹಜೀವನದಲ್ಲಿ ಹುಟ್ಟಿದ ಮಗುವನ್ನು ದಂಪತಿಗೆ ಹುಟ್ಟಿದ ಮಗುವಿನಂತೆಯೇ ಕಾಣಬೇಕು, ತಂದೆ ಯಾರೆಂದು ಗೊತ್ತಿದ್ದ ಮೇಲೆ ತಾಯಿಯೊಬ್ಬಳ ಸಹಿ ಸಾಲದು ಎಂದು ಹೈಕೋರ್ಟು ಹೇಳಿತು. ಆ ದಂಪತಿಯ ಪರಿಸ್ಥಿತಿಗೂ ನಮ್ಮದಕ್ಕೂ ಹೋಲಿಕೆ ಕಡಿಮೆ. ಆದರೂ ಆ ತೀರ್ಪನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಒಬ್ಬರು ದೂರ ಹೋಗಿದ್ದಾರೆ ಎಂಬ ಒಂದೇ ಸಂಗತಿ, ಅವರ ಒಪ್ಪಿಗೆ ಏನಿತ್ತು ಎಂಬುದಕ್ಕೆ ದಾಖಲೆ ಇಲ್ಲದಾಗ, ಸರ್ಕಾರಿ ವ್ಯವಸ್ಥೆಯ ಕೈಯಲ್ಲಿ ಎಷ್ಟು ಬೇಗ ಬೇರೊಂದು ಅರ್ಥ ಪಡೆಯಿತು ಎಂಬುದೇ ನನ್ನನ್ನು ಕಾಡಿತು.

ಹಾಗಾದರೆ ನೇರವಾಗಿ ನ್ಯಾಯಾಲಯಕ್ಕೆ ಹೋಗಿ ತಂದೆಯನ್ನು ಪಾಲಕರೆಂದು ಘೋಷಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಅದನ್ನು ನಾವು ಗಂಭೀರವಾಗಿ ಯೋಚಿಸಿ ಬಿಟ್ಟೆವು. ತಾಯಿ ಅಥವಾ ತಂದೆ ಬದುಕಿದ್ದು ಅಯೋಗ್ಯರಲ್ಲವೆಂದಾದರೆ ನ್ಯಾಯಾಲಯ ಪಾಲಕರನ್ನು ನೇಮಿಸುವಂತಿಲ್ಲ ಎಂದು 1890ರ ಕಾಯ್ದೆಯ 19ನೇ ಕಲಂ ಹೇಳುತ್ತದೆ. ನಮ್ಮಲ್ಲಿ ಜಗಳವಿಲ್ಲ, ನಾನು ಅಯೋಗ್ಯಳೂ ಅಲ್ಲ. ಇಲ್ಲದ ವ್ಯಾಜ್ಯವನ್ನು ನ್ಯಾಯಾಧೀಶರ ಮುಂದಿಟ್ಟು ತಿಂಗಳುಗಟ್ಟಲೆ ಅಲೆಯುವುದರಿಂದ ಮಗುವಿಗೆ ಏನೂ ಸಿಗುತ್ತಿರಲಿಲ್ಲ. ತಂದೆತಾಯಿಯರ ನಡುವೆ ಈಗಾಗಲೇ ಭಿನ್ನಾಭಿಪ್ರಾಯವಿದ್ದರೆ, ಅಥವಾ ಮಗುವನ್ನು ಬಿಟ್ಟುಹೋಗುತ್ತಿರುವುದು ಹೆತ್ತ ತಂದೆಯಲ್ಲದ ಸಂಗಾತಿಯ ಬಳಿ ಎಂದಾದರೆ, ನ್ಯಾಯಾಲಯದ ದಾರಿಯನ್ನೇ ಮೊದಲು ಕೇಳಿ ತಿಳಿಯುವುದು ಒಳ್ಳೆಯದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಅವರ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ಕಾನೂನು ನೆರವು ಸಿಗುತ್ತದೆ. ಹಾಗೆಯೇ ನಾನು ಮೇಲೆ ಹೇಳಿದ ಪಾಲಕತ್ವದ ಕ್ರಮ ಹಿಂದೂ, ಬೌದ್ಧ, ಜೈನ, ಸಿಖ್ ಕುಟುಂಬಗಳಿಗೆ ಅನ್ವಯಿಸುವಂಥದು. ಮುಸ್ಲಿಂ, ಕ್ರೈಸ್ತ, ಪಾರ್ಸಿ ಕುಟುಂಬಗಳವರು ತಮ್ಮ ವಿಷಯದಲ್ಲಿ ಬೇರೆಯಾಗಿಯೇ ವಿಚಾರಿಸಬೇಕು.

ಕಡೆಗೆ ನಾವು ಇ-ಸ್ಟಾಂಪ್ ಪೇಪರಿನ ಮೇಲೆ ಒಂದು ಅಧಿಕಾರಪತ್ರ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಮಾಡಿಸಿದೆವು. ನಾನು ಮಗಳ ತಾಯಿ ಮತ್ತು ಸಹಜ ಪಾಲಕಿ ಎಂಬುದು, ಇಂಥವರು ಅವಳ ತಂದೆ ಎಂಬುದು, ಇಂಥ ದಿನದಿಂದ ಇಂಥ ದಿನದವರೆಗೆ ವ್ಯಾಸಂಗಕ್ಕಾಗಿ ನಾನು ದೇಶದ ಹೊರಗಿರುತ್ತೇನೆ ಎಂಬುದು, ಆ ಅವಧಿಯಲ್ಲಿ ಅವಳ ಪಾಲನೆ ತಂದೆಯದೆಂಬುದು ಅದರಲ್ಲಿದೆ. ಜನನ ಪ್ರಮಾಣಪತ್ರದ ಪ್ರತಿ ಮತ್ತು ನನ್ನ ಪಾಸ್‌ಪೋರ್ಟಿನ ಪ್ರತಿಯನ್ನು ಜೊತೆಗೆ ಹೊಲಿಸಿದೆವು. ಇದೊಂದೇ ದೊಡ್ಡ ಪತ್ರವನ್ನು ಎಲ್ಲ ಕಡೆ ತೋರಿಸುವುದರ ಬದಲು ಶಾಲೆಗೆ, ಮಕ್ಕಳ ವೈದ್ಯರಿಗೆ, ಬ್ಯಾಂಕಿಗೆ ಒಂದೊಂದು ಪುಟದ ಪತ್ರಗಳನ್ನು ಬೇರೆಯಾಗಿ ಬರೆದದ್ದು ಬಹಳ ಉಪಯೋಗಕ್ಕೆ ಬಂತು. ಗುಮಾಸ್ತರು ನಾಲ್ಕು ಪುಟದ ನೋಟರಿ ಪತ್ರವನ್ನು ಓದುವುದಿಲ್ಲ. ತಮಗೆ ಬೇಕಾದ ಒಂದು ವಾಕ್ಯ ತಮ್ಮ ಸಂಸ್ಥೆಯ ಹೆಸರಿಗೇ ಬರೆದಿದ್ದರೆ ಕಡತದಲ್ಲಿಟ್ಟುಕೊಂಡು ನೆಮ್ಮದಿಯಾಗುತ್ತಾರೆ.

ಆಸ್ಪತ್ರೆಯ ಪತ್ರದ ಬಗ್ಗೆ ನಾನು ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿಕೊಂಡೆ. ನನ್ನ ಕೆಲಸವೂ ಅದೇ ಕ್ಷೇತ್ರದ್ದು. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕ್ರಿಯೆಗೆ ಪಾಲಕರ ಒಪ್ಪಿಗೆಯಾಗಲಿ, ಮಗುವನ್ನು ಕಾನೂನುಬದ್ಧವಾಗಿ ತಮ್ಮ ವಶದಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಇತರ ವ್ಯಕ್ತಿಯ ಒಪ್ಪಿಗೆಯಾಗಲಿ ಸಾಕು ಎಂದು ಹಳೆಯ ದಂಡಸಂಹಿತೆಯ 89ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 27ನೇ ಕಲಂ. ಒಪ್ಪಿಗೆ ಪಡೆಯಲು ಸಮಯವೇ ಇಲ್ಲದ ತುರ್ತಿನಲ್ಲಿ ವೈದ್ಯರು ಕಾಯಬೇಕಾಗಿಲ್ಲ ಎಂಬುದು 30ನೇ ಕಲಮಿನಲ್ಲಿದೆ. ಅಂದರೆ ತಂದೆಯ ಒಪ್ಪಿಗೆಗೆ ಕಾನೂನಿನಲ್ಲಿ ಜಾಗವಿದೆ. ಅವರ ಬಳಿ ಮಗು ಇರುವುದು ಕಾನೂನುಬದ್ಧವೆಂದು ತೋರಿಸುವ ಪತ್ರ ಕೈಯಲ್ಲಿದ್ದರಾಯಿತು. ಮಗಳ ರಕ್ತದ ಗುಂಪು, ಅವಳಿಗೆ ಒಗ್ಗದ ಒಂದು ಔಷಧದ ಹೆಸರು, ಲಸಿಕೆಯ ಚೀಟಿ, ನನ್ನ ಇಂಗ್ಲೆಂಡಿನ ದೂರವಾಣಿ ಸಂಖ್ಯೆ ಇವೆಲ್ಲ ಅದೇ ಪತ್ರದ ಹಿಂಬದಿಯಲ್ಲಿದ್ದವು. ಆ ಚಳಿಗಾಲದಲ್ಲಿ ಅವಳಿಗೆ ಡೆಂಗಿ ಬಂದು ಮೂರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ದಾಖಲು ಮಾಡಿಕೊಳ್ಳುವಾಗ ತಾಯಿ ಎಲ್ಲಿ ಎಂದು ಕೇಳಿದ ಸಿಬ್ಬಂದಿ ಪತ್ರವನ್ನು ನೋಡಿ ಮುಂದಿನ ಪ್ರಶ್ನೆ ಕೇಳಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಪ್ಲೇಟ್‌ಲೆಟ್ ಎಣಿಕೆಗಾಗಿ ಫೋನು ಹಿಡಿದು ಕೂತಿದ್ದ ನನಗೆ ಆ ಒಂದು ಹಾಳೆ ಮಾಡಿದ ಉಪಕಾರವನ್ನು ಹೇಳಲು ಮಾತು ಸಾಲದು.

ಶಾಲೆಯ ಕೆಲಸ ಇಷ್ಟು ಸಲೀಸಾಗಲಿಲ್ಲ. 2025ರ ಬೇಸಿಗೆಯಲ್ಲಿ ಅವಳು ಒಂದನೇ ತರಗತಿಗೆ ಸೇರಬೇಕಿತ್ತು, ಎಲ್ಲ ಅರ್ಜಿಗಳಿಗೂ ತಂದೆಯೇ ಸಹಿ ಮಾಡಿದರು. ಕಚೇರಿಯಲ್ಲಿ ಮದುವೆಯ ಪ್ರಮಾಣಪತ್ರ ಕೇಳಿದರು. ಮಗುವಿನ ದಾಖಲಾತಿಗೂ ನಮ್ಮ ಮದುವೆಗೂ ಏನು ಸಂಬಂಧ ಎಂದು ಸಿಟ್ಟಾಗದೆ, ಜನನ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಇದೆ, ತಾಯಿಯ ಪತ್ರ ಇಲ್ಲಿದೆ ಎಂದಷ್ಟೇ ಹೇಳಿ ನನ್ನ ಸಂಗಾತಿ ಕಾದು ನಿಂತರು. ಮುಖ್ಯೋಪಾಧ್ಯಾಯಿನಿ ಬಂದ ಮೇಲೆ ಕೆಲಸವಾಯಿತು. ಐದು ತುಂಬಿದ ಮಕ್ಕಳ ಆಧಾರಿಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಸೇರಿಸುವ ಕೆಲಸವನ್ನೂ ಅದೇ ವರ್ಷ ಅವರೇ ಮುಗಿಸಿದರು.

ಏನನ್ನು ತಂದೆ ಒಬ್ಬರೇ ನಿರ್ಧರಿಸಬಹುದು, ಏನನ್ನು ನನ್ನನ್ನು ಕೇಳಿಯೇ ಮಾಡಬೇಕು ಎಂಬ ಗೆರೆಯನ್ನೂ ಎಳೆದುಕೊಂಡೆವು. ದಿನನಿತ್ಯದ್ದೆಲ್ಲ, ಕಾಯಿಲೆಯ ಚಿಕಿತ್ಸೆ, ತುರ್ತಿನ ಶಸ್ತ್ರಕ್ರಿಯೆ, ಶಾಲೆಯ ಪ್ರವಾಸ, ಖರ್ಚು ಇವು ಅವರವು. ಶಾಲೆ ಬದಲಿಸುವುದು, ಊರು ಬದಲಿಸುವುದು, ತುರ್ತಲ್ಲದ ಶಸ್ತ್ರಕ್ರಿಯೆ, ಪಾಸ್‌ಪೋರ್ಟು ಮತ್ತು ದೇಶದ ಹೊರಗಿನ ಪ್ರಯಾಣ ಇಬ್ಬರ ಲಿಖಿತ ಒಪ್ಪಿಗೆಯಿಂದ ಮಾತ್ರ. ಹಣದ ವಿಷಯ ಸುಲಭವಾಗಿತ್ತು. ನಾನು ಉಳಿಸಿಟ್ಟಿದ್ದ ಮೊತ್ತವನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗಿಷ್ಟು ಎಂದು ಅವರ ಖಾತೆಗೆ ಹೋಗುವಂತೆ ಮಾಡಿದೆ.

ಕಷ್ಟವಾದದ್ದು ನನ್ನ ಸಂಗಾತಿ ಎತ್ತಿದ ಒಂದು ಪ್ರಶ್ನೆ. ನಾನು ದೂರವಿರುವಾಗ ನಮ್ಮ ಸಂಬಂಧವೇ ಮುರಿದರೆ ಏನು ಎಂದು ಅವರು ಕೇಳಿದರು. ಕಾನೂನಿನಲ್ಲಿ ಎಲ್ಲ ಬಲವೂ ನನ್ನ ಕಡೆಗಿತ್ತು. ಅಧಿಕಾರಪತ್ರವನ್ನು ನಾನು ಒಂದು ಮಿಂಚಂಚೆಯಿಂದ ರದ್ದು ಮಾಡಿ, ಮಗಳನ್ನು ಶಿವಮೊಗ್ಗಕ್ಕೆ ಕಳಿಸೆಂದು ಅಣ್ಣನಿಗೆ ಹೇಳಬಹುದಿತ್ತು. ಅವರಿಗೆ ಆ ಭಯವಿತ್ತು, ಮತ್ತು ಅದು ನ್ಯಾಯವಾದ ಭಯ. ಮದುವೆಯ ಹೊರಗೆ ತಂದೆಯಾದವನು ಮಗುವನ್ನು ಎಷ್ಟು ಪ್ರೀತಿಸಿದರೂ ಕಾನೂನಿನಲ್ಲಿ ಎರಡನೆಯವನಾಗಿ ನಿಲ್ಲುವ ನೋವನ್ನು ನಾನು ಅಂದು ಅವರ ಮುಖದಲ್ಲಿ ನೋಡಿದೆ. ಹಿಂಪಡೆಯುವ ನನ್ನ ಹಕ್ಕನ್ನು ಕರಾರಿನಿಂದ ಕಟ್ಟಿಹಾಕಲು ಬರುವುದಿಲ್ಲವೆಂದು ಗೊತ್ತಿದ್ದೂ ನಾವು ಒಂದು ವಾಕ್ಯ ಬರೆದೆವು: ನಮ್ಮಿಬ್ಬರ ನಡುವೆ ಏನೇ ಆದರೂ ಶಾಲಾ ವರ್ಷದ ನಡುವೆ ಮಗಳನ್ನು ಮನೆಯಿಂದ ಕದಲಿಸುವುದಿಲ್ಲ, ನಾನು ಹಿಂತಿರುಗಿದ ಮೇಲೆ ಇಬ್ಬರೂ ನಂಬುವ ಹಿರಿಯ ಗೆಳತಿಯೊಬ್ಬರ ಎದುರು ಕೂತು ಮಾತಾಡುತ್ತೇವೆ, ಅಲ್ಲಿ ಬಗೆಹರಿಯದಿದ್ದರೆ ಮಾತ್ರ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತೇವೆ. ನ್ಯಾಯಾಧೀಶರಿಗೆ ಈ ವಾಕ್ಯ ಬಂಧನಕಾರಿಯಲ್ಲ. ಆದರೆ ಮಗುವಿನ ಹಿತವನ್ನು ತೂಗುವಾಗ ತಂದೆತಾಯಿ ತಾವೇ ಸಮಾಧಾನದಿಂದಿದ್ದಾಗ ಯಾವುದನ್ನು ಹಿತವೆಂದು ಬರೆದಿದ್ದರು ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ.

ನಾನು ಮರಳಿ ಬಾರದೇ ಹೋದರೆ ಎಂಬ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳಲಿಲ್ಲ. ಮದುವೆಯ ಹೊರಗೆ ಹುಟ್ಟಿದ ಮಗುವಿನ ತಾಯಿಯು ವಿಲ್ ಮೂಲಕ ಪಾಲಕರನ್ನು ನೇಮಿಸಬಹುದು ಎಂದು 1956ರ ಕಾಯ್ದೆಯ 9ನೇ ಕಲಮಿನ ನಾಲ್ಕನೇ ಉಪಕಲಂ ಹೇಳುತ್ತದೆ. ನನ್ನ ನಂತರ ತಂದೆಯೇ ಸಹಜ ಪಾಲಕರಾದರೂ, ಅವರೇ ಅವಳ ತಂದೆ ಎಂಬ ನನ್ನ ಸ್ಪಷ್ಟ ಹೇಳಿಕೆ ಮತ್ತು ಅವಳು ಅವರ ಬಳಿಯೇ ಬೆಳೆಯಬೇಕೆಂಬ ನನ್ನ ಇಚ್ಛೆ ಸಹಿಯೊಂದಿಗೆ ದಾಖಲಾಗಿರಲಿ ಎಂದು ವಿಲ್ ಬರೆದೆ. ಇಬ್ಬರೂ ಇಲ್ಲವಾದರೆ ಯಾರು ಎಂಬುದನ್ನೂ ಅದರಲ್ಲಿ ಹೇಳಿದ್ದೇನೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೆ ವಿಲ್ ಸಿಂಧುವಾಗುತ್ತದೆ, ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದೆವು.

ಅದಕ್ಕಿಂತ ಮುಖ್ಯವಾದದ್ದು ತಂದೆಯ ವಿಲ್. ಇದನ್ನು ಬಹಳ ಜನ ಗಮನಿಸುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೊಡನೆ ಸಂಬಂಧವನ್ನು ಕಾನೂನು ಮಾನ್ಯ ಮಾಡುತ್ತದೆ, ತಂದೆಯೊಡನೆ ಮಾಡುವುದಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಅಸಿಂಧುವಾದ ಮದುವೆಗಳಲ್ಲಿ ಹುಟ್ಟಿದ ಮಕ್ಕಳಿಗೆ ತಂದೆತಾಯಿಯ ಆಸ್ತಿಯಲ್ಲಿ ಹಕ್ಕನ್ನು ಖಚಿತಪಡಿಸಿತು. ಮದುವೆಯ ಶಾಸ್ತ್ರವೇ ಆಗದ ನಮ್ಮಂಥವರ ಮಕ್ಕಳು ಅದರ ಆಸರೆಯನ್ನು ನೆಚ್ಚುವಂತಿಲ್ಲ. ತಂದೆ ವಿಲ್ ಬರೆಯದೆ ತೀರಿಕೊಂಡರೆ ಅವರ ಜೊತೆಗೇ ಬೆಳೆದ ಮಗಳು ಅವರ ಹಣಕ್ಕೆ ಹೊರಗಿನವಳಾಗುವ ಅಪಾಯವಿದೆ. ಆ ವರ್ಷ ಅವಳ ಇಡೀ ಬದುಕು ಅವರ ಮೇಲೆ ನಿಂತಿದ್ದರಿಂದ ನಾನು ವಿಮಾನ ಹತ್ತುವ ಮೊದಲೇ ಅವರ ವಿಲ್ ಕೂಡ ನೋಂದಣಿಯಾಯಿತು.

ಮಗಳಿಗೆ ಇವುಗಳಲ್ಲಿ ಯಾವುದನ್ನೂ ಹೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ: ಜಡೆ ಯಾರು ಹಾಕುತ್ತಾರೆ, ಡೈರಿಗೆ ಯಾರು ಸಹಿ ಮಾಡುತ್ತಾರೆ, ಅಮ್ಮ ಯಾವಾಗ ಫೋನು ಮಾಡುತ್ತಾರೆ. ದಿನಾ ಸಂಜೆ ಏಳಕ್ಕೆ ಎಂದು ಹೇಳಿದ್ದೆ. ಸೆಪ್ಟೆಂಬರಿನಲ್ಲಿ ಅದು ನನಗೆ ಮಧ್ಯಾಹ್ನ ಎರಡೂವರೆ; ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಒಂದೂವರೆ. ಬದಲಾಗಬೇಕಾದದ್ದು ನನ್ನ ಊಟದ ಹೊತ್ತು, ಅವಳ ಏಳು ಗಂಟೆಯಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ.

ಇಂಗ್ಲೆಂಡಿನಲ್ಲಿದ್ದಾಗ ಅಲ್ಲಿಯ ವ್ಯವಸ್ಥೆಯನ್ನು ಕುತೂಹಲದಿಂದ ಓದಿದೆ. 2003ರ ಡಿಸೆಂಬರ್ 1ರಿಂದ ಈಚೆಗೆ ಅಲ್ಲಿ ತಾಯಿಯ ಜೊತೆ ಹೋಗಿ ಮಗುವಿನ ಜನನ ನೋಂದಣಿಯಲ್ಲಿ ಹೆಸರು ಬರೆಸಿದ ತಂದೆಗೆ, ಮದುವೆಯಾಗಿರದಿದ್ದರೂ, ತಾಯಿಗಿರುವಷ್ಟೇ ಪಾಲಕತ್ವದ ಹೊಣೆ ಸಿಗುತ್ತದೆ. 1989ರ ಅವರ ಮಕ್ಕಳ ಕಾಯ್ದೆ, ಹೊಣೆಯನ್ನು ಬಿಟ್ಟುಕೊಡಲು ಅವಕಾಶ ಕೊಡದೆ, ತಮ್ಮ ಪರವಾಗಿ ಬೇರೊಬ್ಬರು ಅದನ್ನು ನಿರ್ವಹಿಸುವಂತೆ ವ್ಯವಸ್ಥೆ ಮಾಡಿಕೊಳ್ಳಲು ಮಾತ್ರ ಅವಕಾಶ ಕೊಡುತ್ತದೆ. ನಮ್ಮಲ್ಲಿ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ಕೊಟ್ಟ 257ನೇ ವರದಿಯಲ್ಲಿ 6ನೇ ಕಲಮಿನಲ್ಲಿ ಮದುವೆಯಾದ ತಂದೆಗಿರುವ ಮೇಲುಗೈಯನ್ನು ತೆಗೆದು ತಾಯಿಗೆ ಸಮಾನ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದೇ ಇನ್ನೂ ಜಾರಿಗೆ ಬಂದಿಲ್ಲ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಏಕರೂಪ ನಾಗರಿಕ ಸಂಹಿತೆ ಸಹಜೀವನದಲ್ಲಿ ಹುಟ್ಟಿದ ಮಕ್ಕಳನ್ನು ಔರಸ ಮಕ್ಕಳೆಂದೇ, ಅಂದರೆ ಮದುವೆಯಲ್ಲಿ ಹುಟ್ಟಿದವರಂತೆಯೇ, ಒಪ್ಪುತ್ತದೆ. ಆದರೆ ತಂದೆತಾಯಿ ತಮ್ಮ ಸಂಬಂಧವನ್ನು ಸರ್ಕಾರದ ಬಳಿ ಕಡ್ಡಾಯವಾಗಿ ನೋಂದಾಯಿಸಬೇಕು, ತಪ್ಪಿದರೆ ಶಿಕ್ಷೆಯುಂಟು. ಮಗುವಿಗೆ ಸಹಜವಾಗಿ ಸಲ್ಲಬೇಕಾದದ್ದನ್ನು ದೊಡ್ಡವರ ಮೇಲಿನ ಕಾವಲಿನ ಜೊತೆ ಗಂಟುಹಾಕುವುದು ನನಗೆ ಒಪ್ಪಿಗೆಯಿಲ್ಲ. ಜನನ ಪ್ರಮಾಣಪತ್ರದಲ್ಲಿ ಇಬ್ಬರೂ ಒಪ್ಪಿ ಹೆಸರು ಬರೆಸಿದ ಮೇಲೆ ಇಬ್ಬರೂ ಪಾಲಕರು ಎಂದು ಒಂದು ಸಾಲು ಕಾಯ್ದೆಯಲ್ಲಿ ಸೇರಿದರೆ ನಾವು ಬರೆಸಿದ ಕಾಗದಗಳಲ್ಲಿ ಅರ್ಧದಷ್ಟು ಬೇಕಾಗುವುದೇ ಇಲ್ಲ.

ಅಧಿಕಾರಪತ್ರದ ಅವಧಿ ನಾನು ಹಿಂತಿರುಗಿದ ತಿಂಗಳಿನಲ್ಲಿ ಮುಗಿಯಿತು. ಶಾಲೆಗೂ ಬ್ಯಾಂಕಿಗೂ ಆಸ್ಪತ್ರೆಗೂ ಅದನ್ನು ತಿಳಿಸಿ ಪತ್ರ ಕೊಟ್ಟೆವು. ಅವಧಿ ಮುಗಿದ ಪತ್ರ ಕಡತದಲ್ಲಿ ಉಳಿದುಕೊಂಡರೆ ಮುಂದೆ ಗೊಂದಲಕ್ಕೆ ಎಡೆಯಾಗುತ್ತದೆ ಎಂದು ವಕೀಲರು ಹೇಳಿದ್ದರು. ಎರಡು ವಿಲ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಆಸ್ಪತ್ರೆಯ ಪತ್ರವನ್ನು ಮಾತ್ರ ಹೊಸದಾಗಿ ಬರೆದು, ನಾನು ಊರಲ್ಲಿದ್ದರೂ ಇಲ್ಲದಿದ್ದರೂ ಮಗಳ ಚಿಕಿತ್ಸೆಗೆ ತಂದೆಯ ಒಪ್ಪಿಗೆ ಸಾಕೆಂದು ಅದರಲ್ಲಿ ಹೇಳಿದ್ದೇನೆ, ಅದಕ್ಕೆ ಕೊನೆಯ ದಿನಾಂಕ ಹಾಕಿಲ್ಲ.